ಎರಡನೇ ಪಟ್ಟಿ ಅಗಲವಾದ ಸಂಜೆ

ಸಮ್ಮೇಳನದ ಪೋಸ್ಟರ್ ಮುದ್ರಣಕ್ಕೆ ಹೋಗಬೇಕಿದ್ದ ಹಿಂದಿನ ಸಂಜೆ, ನಮ್ಮ ಪ್ರಯೋಗಾಲಯದ ವಿದ್ಯಾರ್ಥಿನಿ ತಂದು ತೋರಿಸಿದ ಚಿತ್ರದಲ್ಲಿ ಹಣ್ಣಿನ ನೊಣದ ಭ್ರೂಣದಲ್ಲಿ ಈವ್ ಎಂಬ ಜೀನ್ ಮೂಡಿಸುವ ಏಳು ಪಟ್ಟಿಗಳಲ್ಲಿ ಎರಡನೆಯದು ತಲೆಯ ಕಡೆಗೆ ಢಾಳಾಗಿ ಹರಡಿತ್ತು. ಆ ಪಟ್ಟಿಯನ್ನು ಮೂಡಿಸುವ ಎನ್‌ಹ್ಯಾನ್ಸರ್, ಅಂದರೆ ಜೀನ್ ಎಲ್ಲಿ ಚಾಲೂ ಆಗಬೇಕೆಂದು ನಿರ್ಧರಿಸುವ ಡಿಎನ್‌ಎ ತುಣುಕು, ಸುಮಾರು 480 ಬೇಸ್ ಜೋಡಿಗಳಷ್ಟೇ ಉದ್ದವಿದೆ. ಬೈಕಾಯ್ಡ್ ಮತ್ತು ಹಂಚ್‌ಬ್ಯಾಕ್ ಪ್ರೋಟೀನುಗಳು ಅಲ್ಲಿ ಕುಳಿತು ಜೀನನ್ನು ಚಾಲನೆಗೊಳಿಸಿದರೆ, ಮುಂದುಗಡೆ ಜೈಂಟ್, ಹಿಂದುಗಡೆ ಕ್ರುಪೆಲ್ ಎಂಬ ಪ್ರೋಟೀನುಗಳು ತಡೆಯೊಡ್ಡಿ ಅಂಚು ಕಟ್ಟುತ್ತವೆ. ಜೈಂಟ್ ಕೂರುವ ತಾಣಗಳನ್ನೆಲ್ಲ ಕೆಡಿಸಿದರೆ ಮುಂದಿನ ಅಂಚು ಸಡಿಲವಾಗುತ್ತದೆ ಎಂಬುದು 1990ರ ದಶಕದ ಆರಂಭದಲ್ಲೇ ಸಾಬೀತಾಗಿದೆ. ನಾವು ಮೂರು ತಾಣಗಳಲ್ಲಿ ಒಂದನ್ನು ಮಾತ್ರ ಕೆಡಿಸಿ, ಅದರ ಪಾಲೆಷ್ಟು ಎಂದು ಎನ್‌ಹ್ಯಾನ್ಸರ್ ಎಲ್ಲಿ ಕೆಲಸ ಮಾಡುತ್ತಿದೆ ಎಂದು ತೋರಿಸಿಕೊಡುವ ಲ್ಯಾಕ್‌ಝೆಡ್ ರಿಪೋರ್ಟರ್ ಜೀನಿನಲ್ಲಿ ಅಳೆಯುತ್ತಿದ್ದೆವು.

ಒಂದೇ ತಾಣಕ್ಕೆ ಇಷ್ಟು ದೊಡ್ಡ ಪರಿಣಾಮ ಬಂದದ್ದು ನನಗೆ ಒಪ್ಪಿಗೆಯಾಗಲಿಲ್ಲ. ಗೈಡ್ ಮಾತ್ರ "ಇದನ್ನೇ ಪೋಸ್ಟರಿನ ನಡುವೆ ಹಾಕಿ" ಎಂದು ಹೇಳಿ ಹೊರಟರು. ಕಾನ್‌ಫೋಕಲ್ ಸೂಕ್ಷ್ಮದರ್ಶಕ ಇನ್ನೊಂದು ಗುಂಪಿನ ಸ್ಲಾಟಿನಲ್ಲಿತ್ತು. ಕೇಳಿಕೊಂಡು ಪಡೆದ ಹದಿನೈದು ನಿಮಿಷದಲ್ಲಿ ಸ್ಲೈಡನ್ನು ಮತ್ತೆ ಇಟ್ಟೆವು.

ನಾನು ಪಟ್ಟಿಯನ್ನು ಬಿಟ್ಟು ಮೊದಲು ಭ್ರೂಣದ ಅಂಚಿಗೆ ಫೋಕಸ್ ಮಾಡಿದೆ. ಭ್ರೂಣದ ನ್ಯೂಕ್ಲಿಯರ್ ವಿಭಜನೆಯ ಹದಿನಾಲ್ಕನೇ ಚಕ್ರದಲ್ಲಿ ಕೋಶಪೊರೆ ಹೊರಗಿನಿಂದ ಒಳಕ್ಕೆ ಇಳಿಯುತ್ತ ನ್ಯೂಕ್ಲಿಯಸ್‌ಗಳನ್ನು ಒಂದೊಂದಾಗಿ ಬೇರ್ಪಡಿಸುತ್ತದೆ. ಅದು ಎಷ್ಟು ಆಳಕ್ಕೆ ಇಳಿದಿದೆ ಎಂಬುದರಿಂದ ಭ್ರೂಣದ ವಯಸ್ಸು ತಿಳಿಯುತ್ತದೆ. ಈ ಭ್ರೂಣಗಳಲ್ಲಿ ಪೊರೆ ನ್ಯೂಕ್ಲಿಯಸ್‌ಗಳ ಮೇಲ್ತುದಿಯನ್ನೂ ದಾಟಿರಲಿಲ್ಲ, ನ್ಯೂಕ್ಲಿಯಸ್‌ಗಳು ಇನ್ನೂ ದುಂಡಗಿದ್ದವು. ಬಳಿಕ ಇನ್ನೊಂದು ಬಣ್ಣದ ಸ್ಟೇನ್ ತೋರಿಸುವ ಎರಡನೇ ಚಾನೆಲ್ ತೆರೆದೆವು. ನಾವು ಕೈಯಿಡದ, ನೊಣದ ಸ್ವಂತ ಈವ್ ಜೀನ್ ಕೂಡ ಏಳು ಪಟ್ಟಿಗಳಾಗಿ ಒಡೆಯದೆ, ಮಸುಕಾಗಿ ಹರಡಿಕೊಂಡೇ ಇತ್ತು. ಎರಡನೇ ಪಟ್ಟಿ ಮೊದಲು ಅಗಲವಾಗಿಯೇ ಹುಟ್ಟಿ, ನಿಮಿಷಗಳು ಕಳೆದಂತೆ ಕಿರಿದಾಗುತ್ತದೆ. ಆದ್ದರಿಂದ ಆ ಅಗಲವನ್ನು ಕೆಡಿಸಿದ ತಾಣದ ಲೆಕ್ಕಕ್ಕೆ ಹಾಕಲು ಆಧಾರವೇ ಇರಲಿಲ್ಲ.

"ಮೇಡಂ, ಟ್ಯೂಬಿನ ಮೇಲೆ ಎರಡರಿಂದ ನಾಲ್ಕು ಗಂಟೆ ಅಂತ ಬರೆದಿದೆ" ಎಂದಳು ವಿದ್ಯಾರ್ಥಿನಿ. ಅವಳು ಬರೆದ ಈ ಭ್ರೂಣದ ವಯಸ್ಸು ಗಡಿಯಾರದ ಪ್ರಕಾರ ಸರಿಯಾಗಿಯೇ ಇತ್ತು. ಆದರೆ ಮೊಟ್ಟೆ ಸಂಗ್ರಹಿಸಿದ ರಾತ್ರಿ ವಿದ್ಯುತ್ ಹೋಗಿ ಜನರೇಟರಿಗೆ ಬದಲಾದಾಗ ಇನ್‌ಕ್ಯುಬೇಟರ್ ಮರಳಿ ಚಾಲೂ ಆಗಿರಲಿಲ್ಲ, ಡಿಸೆಂಬರಿನ ರಾತ್ರಿ ಬೆಂಗಳೂರಿನ ಕೊಠಡಿ 25 ಡಿಗ್ರಿಯಲ್ಲಿರುವುದೂ ಇಲ್ಲ. 18 ಡಿಗ್ರಿಯಲ್ಲಿ ಭ್ರೂಣದ ಬೆಳವಣಿಗೆಗೆ 25 ಡಿಗ್ರಿಯಲ್ಲಿ ಬೇಕಾಗುವುದರ ಸುಮಾರು ಎರಡರಷ್ಟು ಸಮಯ ಹಿಡಿಯುತ್ತದೆ. ಹೋಲಿಕೆಗಿಟ್ಟ, ತಾಣ ಕೆಡಿಸದ ಕಂಟ್ರೋಲ್ ಭ್ರೂಣಗಳು ಹಿಂದಿನ ವಾರ ಸರಿಯಾದ ಉಷ್ಣತೆಯಲ್ಲಿ ಬೆಳೆದವು. ಹೀಗೆ ನಾವು ಎರಡು ಡಿಎನ್‌ಎಗಳನ್ನು ಹೋಲಿಸುತ್ತಿದ್ದೇವೆಂದು ತಿಳಿದು ಎರಡು ವಯಸ್ಸುಗಳನ್ನು ಹೋಲಿಸುತ್ತಿದ್ದೆವು.

ತಾನಾಗಿ ಮರುಚಾಲನೆಗೊಳ್ಳುವ ಇನ್‌ಕ್ಯುಬೇಟರ್ ಬೇಕೆಂದು ನಾವು ಕೊಟ್ಟ ಮನವಿ ಖರೀದಿ ವಿಭಾಗದಲ್ಲಿ ಇಂದಿಗೂ ಕುಳಿತಿದೆ. ಲಕ್ಷಾಂತರ ರೂಪಾಯಿಯ ಸೂಕ್ಷ್ಮದರ್ಶಕಕ್ಕೆ ಸಹಿ ಹಾಕುವವರು ಅಲಾರಂ ಇರುವ ಒಂದು ಥರ್ಮಾಮೀಟರಿಗೆ ಮೂರು ಕೊಟೇಶನ್ ಕೇಳುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಪೋಸ್ಟರಿನಲ್ಲಿ ಆ ಚಿತ್ರದ ಜಾಗಕ್ಕೆ ಎನ್‌ಹ್ಯಾನ್ಸರಿನ ನಕ್ಷೆ ಹೋಯಿತು. ನಂತರ ಎರಡೂ ತಳಿಗಳ ಮೊಟ್ಟೆಗಳನ್ನು ಒಂದೇ ಹೊತ್ತಿನಲ್ಲಿ ಸಂಗ್ರಹಿಸಿ, ಒಟ್ಟಿಗೆ ಸ್ಟೇನ್ ಮಾಡಿ, ಪೊರೆ ಸಮಾನ ಆಳಕ್ಕಿಳಿದ ಭ್ರೂಣಗಳನ್ನಷ್ಟೇ ಅಳೆದಾಗ ಮುಂದಿನ ಅಂಚು ಸರಿದದ್ದು ಕಂಡಿತು, ಆದರೆ ಮೊದಲ ಚಿತ್ರಕ್ಕಿಂತ ಬಹಳ ಕಡಿಮೆ. ಈಗ ನಮ್ಮಲ್ಲಿ ಪ್ರತಿ ಚಿತ್ರದ ಹೆಸರಿನಲ್ಲೇ ಪೊರೆಯ ಆಳ ದಾಖಲಾಗುತ್ತದೆ, ಅದಿಲ್ಲದ ಚಿತ್ರವನ್ನು ಲ್ಯಾಬ್ ಮೀಟಿಂಗಿನಲ್ಲಿ ಚರ್ಚೆಗೆ ತೆಗೆದುಕೊಳ್ಳುವುದಿಲ್ಲ.