ಅರಮನೆ ಮೈದಾನದ ಕರೆ, ನಮ್ಮ ಮನೆಯ ಗದ್ದೆ

2023ರ ನವೆಂಬರ್ ಕೊನೆಯಲ್ಲಿ ದೊಡ್ಡಪ್ಪನನ್ನು ಬೆಂಗಳೂರಿನ ಅರಮನೆ ಮೈದಾನಕ್ಕೆ ಕರೆದುಕೊಂಡು ಹೋಗಿದ್ದೆ. ಕಂಬಳ, ಅಂದರೆ ಕೆಸರುಗದ್ದೆಯ ಕೋಣದ ಓಟ, ನೋಡಲಿಕ್ಕೆ. ಓಡಿಸುವವ ನಿಲ್ಲುವ ಕನೆಹಲಗೆಯಿಂದ ನೀರು ಎತ್ತರದಲ್ಲಿ ಕಟ್ಟಿದ ನಿಶಾನೆಯ ಬಟ್ಟೆಗೆ ಚಿಮ್ಮಿದಾಗ ಎಲ್ಲರ ಜೊತೆ ನಾನೂ ಕೂಗಿದೆ. ಊರು ಬಿಟ್ಟು ಹದಿನಾಲ್ಕು ವರ್ಷ ಆಯಿತು. ಆ ಕೆಸರಿನ ವಾಸನೆಗೇ ಕಣ್ಣು ತುಂಬಿತು.

ಮುಖ್ಯಮಂತ್ರಿ ಸಿದ್ದರಾಮಯ್ಯನವರೂ ಬಂದಿದ್ದರು. ತುಳುನಾಡಿನ ಸಂಸ್ಕೃತಿ, ಪರಂಪರೆ ಅಂತ ಭಾಷಣಗಳಾದವು. ದೊಡ್ಡಪ್ಪ ತುಂಬಾ ಹೊತ್ತು ಸುಮ್ನೆ ಕರೆಯನ್ನೇ, ಕೋಣ ಓಡುವ ಆ ಕೆಸರಿನ ಓಣಿಯನ್ನೇ, ನೋಡುತ್ತಿದ್ದರು. ಆಮೇಲೆ ಕೇಳಿದರು: "ನಾಳೆ ಇದರಲ್ಲಿ ಎಂತ ಬಿತ್ತುತ್ತಾರಂತೆ ಮಾರಾಯ?"

ತಮಾಷೆಗೆ ಕೇಳಿದ್ದಲ್ಲ. ಅವರಿಗೆ ಕಂಬಳ ಅಂದರೆ ಬೇಸಾಯದ ಒಂದು ದಿನ. ಮಳೆಗಾಲದ ಏಣೆಲು ಬೆಳೆ ಕೊಯ್ಲಾಗಿ, ಎರಡನೇ ಬೆಳೆ ಸುಗ್ಗಿಗೆ ಗದ್ದೆ ಹದ ಮಾಡುವಾಗ ಕೋಣ ಇಳಿಸುತ್ತಿದ್ದರು. ಗದ್ದೆಯ ನಡುವೆ ಪೂಕರೆ ಅನ್ನುವ ಅಲಂಕಾರದ ಕಂಬ ನೆಟ್ಟು, ನಾಟಿ ಮುಗಿಸಿದರೆ ಆಯಿತು.

ರಾಜಕಾರಣಿಗಳು ಇಲ್ಲದಿದ್ದರೆ ಕಂಬಳ ಉಳಿಯುತ್ತಿರಲಿಲ್ಲ ಅನ್ನುವುದು ನಿಜ. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ನಿಷೇಧಿಸಿದ ಮೇಲೆ ನಮಗೂ ಕುತ್ತು ಬಂತು. 2016ರ ನವೆಂಬರಿನಲ್ಲಿ ಹೈಕೋರ್ಟ್ ಕಂಬಳಕ್ಕೆ ತಡೆ ಕೊಟ್ಟಿತು. ಮರುವರ್ಷದ ಜನವರಿಯಲ್ಲಿ ಮೂಡುಬಿದಿರೆಯಲ್ಲಿ ಪ್ರತಿಭಟನೆಗೆ ಕೋಣಗಳ ಜೊತೆ ಜನ ಸೇರಿದಾಗ ನಾನೂ ರಜೆ ಹಾಕಿ ಹೋಗಿದ್ದೆ. ಫೆಬ್ರವರಿಯಲ್ಲೇ ವಿಧಾನಸಭೆ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ಪಾಸು ಮಾಡಿತು. ಕೊನೆಗೆ 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕಂಬಳಕ್ಕೆ ಅವಕಾಶ ಕೊಟ್ಟ ರಾಜ್ಯದ ಕಾನೂನನ್ನು ಎತ್ತಿಹಿಡಿಯಿತು. ಆ ದಿನ ಫೋನಿನಲ್ಲಿ ದೊಡ್ಡಪ್ಪನ ದನಿ ಕೇಳಬೇಕಿತ್ತು. ಅಷ್ಟು ಖುಷಿ.

ಆದರೆ ರಾಜಕೀಯದ ಕೈಗೆ ಸಿಕ್ಕ ಸಂಪ್ರದಾಯದಲ್ಲಿ ಫೋಟೋಗೆ ಚೆಂದ ಕಾಣುವ ಭಾಗ ಮಾತ್ರ ಉಳಿಯುತ್ತದೆ. ಹಿಂದೆ ಕಂಬಳದ ಹಿಂದಿನ ರಾತ್ರಿ ಕರಾವಳಿಯ ಬುಡಕಟ್ಟಿನವರಾದ ಕೊರಗರು ಗದ್ದೆಯ ಬದಿ ಮಂಜಿನಲ್ಲಿ ಕೂತು ಡೋಲು ಬಾರಿಸಬೇಕಿತ್ತು. ಕೋಣಕ್ಕಿಂತ ಮೊದಲು ಅವರನ್ನು ಕೆಸರಲ್ಲಿ ಓಡಿಸುತ್ತಿದ್ದರು. ಅದನ್ನೂ ಪರಂಪರೆ ಅಂತಲೇ ಕರೆಯುತ್ತಿದ್ದರು, ಅಲ್ವಾ? ಕೊರಗರನ್ನು ಹೀಗೆ ಕೀಳಾಗಿ ದುಡಿಸುವ ಅಜಲು ಪದ್ಧತಿಯನ್ನು ನಿಲ್ಲಿಸಲು 2000ದಲ್ಲಿ ಕಾಯ್ದೆಯೇ ಬೇಕಾಯಿತು. ನಾನು ಕೇಳಿದ ಯಾವ ಭಾಷಣದಲ್ಲೂ ಕೊರಗರ ಹೆಸರು ಬರಲಿಲ್ಲ. ಕಂಬಳವನ್ನು ಪ್ರೀತಿಸುವ ನಮಗೆ ಇದನ್ನು ಹೇಳುವ ಜವಾಬ್ದಾರಿ ಬೇರೆಯವರಿಗಿಂತ ಜಾಸ್ತಿ ಇದೆ.

ಗದ್ದೆಯ ಮಾತೂ ಬರಲಿಲ್ಲ. 2020ರಲ್ಲಿ ಐಕಳದ ಕಂಬಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೇ ಮಾತಾಡಿತು. ಕೇಂದ್ರ ಕ್ರೀಡಾ ಸಚಿವರು ಟ್ರಯಲ್ಸ್‌ಗೆ ಕರೆದರು. ನನಗೂ ಹೆಮ್ಮೆಯೇ. ಅದೇ ಹೊತ್ತಿಗೆ ನಮ್ಮ ಸುತ್ತಿನ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟ, ಮನೆ ಸೈಟು ಆಗುತ್ತಿದ್ದವು. ನಮ್ಮ ಕಂಬಳಗದ್ದೆಯಲ್ಲೂ ದೊಡ್ಡಪ್ಪ ಅಡಿಕೆ ನೆಟ್ಟರು. ನೆಟ್ಟ ದಿನ ಮಧ್ಯಾಹ್ನ ಊಟ ಮಾಡಲಿಲ್ಲ ಅಂತ ದೊಡ್ಡಮ್ಮ ಹೇಳಿದ್ದರು.

ಆಮೇಲೆ ಬಂದ ಒಂದು ಚುನಾವಣೆಗೆ ಒಬ್ಬ ಅಭ್ಯರ್ಥಿ ಮನೆಗೆ ಬಂದಿದ್ದರು. ನಾನೂ ಊರಲ್ಲಿದ್ದೆ. ಅಂಗಳದಲ್ಲಿ ನಿಂತು, ಕಂಬಳ ಉಳಿಸಿದ್ದು ನಮ್ಮ ಪಕ್ಷ ಅಂದರು. ಅವರ ಬೆನ್ನ ಹಿಂದೆಯೇ ಆ ತೋಟ. ದೊಡ್ಡಪ್ಪ ಭತ್ತದ ಮಾತು ತೆಗೆದರು. ನಾಟಿಗೆ ಜನ ಸಿಗುವುದಿಲ್ಲ, ಹಂದಿ ನವಿಲಿನ ಕಾಟ, ಬೆಳೆದರೂ ಖರ್ಚು ಹುಟ್ಟುವುದಿಲ್ಲ ಅಂತ ಒಂದೊಂದಾಗಿ ಹೇಳುತ್ತಾ ಹೋದರು. ಹಂದಿಯ ವಿಷಯಕ್ಕೆ ಬರುವಷ್ಟರಲ್ಲಿ ಅವರು ಕೈ ಮುಗಿದು ಪಕ್ಕದ ಮನೆಯ ದಾರಿ ಹಿಡಿದಿದ್ದರು.