ಧಾರಣೆಗೆ ಕೆಮ್ಮಣ್ಣು, ತೋಟಕ್ಕೆ ಹಸಿರು: ವಿಭಾಗಕ್ಕೊಂದು ಬಣ್ಣ ಕೊಡುವ ಕ್ರಮ

ಮಲೆನಾಡಿನ ಅಡಿಕೆ ಬೆಳೆಗಾರರಿಗಾಗಿ ಬ್ರೌಸರ್‌ನಲ್ಲೇ ತೆರೆಯುವ ಒಂದು ಆ್ಯಪ್ ಎಂದುಕೊಳ್ಳಿ. ಧಾರಣೆ, ತೋಟದ ರೋಗ, ಮಳೆ, ಬಾಡಿಗೆ ಯಂತ್ರ ಎಂದು ನಾಲ್ಕು ವಿಭಾಗ. ಎಲ್ಲಿಗೆ ಬಂದೆವೆಂದು ಶೀರ್ಷಿಕೆ ಓದುವ ಮೊದಲೇ ಕಣ್ಣಿಗೆ ಗೊತ್ತಾಗಬೇಕು, ಅದಕ್ಕೇ ವಿಭಾಗಕ್ಕೊಂದು ಬಣ್ಣ. ಆದರೆ ಆ ಬಣ್ಣ ಮೂರೇ ಜಾಗದಲ್ಲಿರಲಿ: ಮೇಲಿನ ಪಟ್ಟಿ, ಒತ್ತುವ ಗುಂಡಿ, ಕೊಂಡಿ (ಲಿಂಕ್). ಬರಹದ ಅಕ್ಷರ ನಾಲ್ಕೂ ಕಡೆ ಒಂದೇ ಕಡುಗಪ್ಪು, (33, 33, 33). ಆವರಣದೊಳಗಿನ ಮೂರು ಸಂಖ್ಯೆ ಕೆಂಪು, ಹಸಿರು, ನೀಲಿ ಬೆಳಕಿನ ಪ್ರಮಾಣ, 0ರಿಂದ 255ರವರೆಗೆ.

ಸಾಗರದ ಕಡೆಯ ಹಸೆ ಚಿತ್ತಾರದಲ್ಲಿ ಕೆಮ್ಮಣ್ಣು, ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಇಷ್ಟರಲ್ಲೇ ಇಡೀ ಗೋಡೆ ತುಂಬುತ್ತದೆ. ಪರದೆಗೂ ಅಷ್ಟು ಸಾಕು.

ಬಣ್ಣ ಆರಿಸುವಾಗ ಅಳತೆ ಇಟ್ಟುಕೊಳ್ಳಿ. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರದ ಅನುಪಾತ ಕನಿಷ್ಠ 4.5 ಇರಬೇಕು, ದೊಡ್ಡ ಅಕ್ಷರದ ಶೀರ್ಷಿಕೆಗೆ 3 ನಡೆಯುತ್ತದೆ. ಕನ್ನಡಕ್ಕೆ 4.5 ತೀರಾ ಅಂಚಿನ ಸಂಖ್ಯೆ. ಒತ್ತಕ್ಷರದ ಗೆರೆ ಸಣ್ಣದು, ಅಂಗಳದ ಬಿಸಿಲಿನಲ್ಲಿ ಮೊದಲು ಮಾಯವಾಗುವುದೂ ಅದೇ. ಓದುವ ಬರಹಕ್ಕೆ 7 ಇಟ್ಟುಕೊಳ್ಳುವುದು ಒಳ್ಳೆಯದು.

ಧಾರಣೆಗೆ ಕೆಮ್ಮಣ್ಣು (140, 47, 31) ಕೊಟ್ಟರೆ ಬಿಳಿಯ ಮೇಲೆ 8.3 ಬರುತ್ತದೆ. ಮಳೆಗೆ ನೀಲಿ (21, 101, 192), 5.7. ತೋಟಕ್ಕೆ ಕಡುಹಸಿರು (46, 125, 50), 5.1. ಚಿಗುರಿನ ಹಸಿರು (124, 179, 66) ಎಷ್ಟೇ ಚೆಂದ ಕಂಡರೂ ಸಿಗುವುದು 2.5 ಮಾತ್ರ, ಅದರ ಮೇಲೆ ಬಿಳಿ ಅಕ್ಷರ ಓದಲಾಗದು. ಬಾಡಿಗೆ ಯಂತ್ರದ ಹಳದಿ (255, 193, 7) ಬಿಳಿಯೊಂದಿಗೆ 1.6, ಅಪ್ಪಟ ಕಪ್ಪಿನೊಂದಿಗೆ ಸುಮಾರು 12.9. ಹಾಗಾಗಿ ಹಳದಿ ಪಟ್ಟಿಯ ಮೇಲೆ ಕಪ್ಪು ಅಕ್ಷರ, ಮತ್ತು ಆ ವಿಭಾಗದ ಕೊಂಡಿಗೆ ಹಳದಿ ಬೇಡ. ಕಪ್ಪು ಅಕ್ಷರದ ಕೆಳಗೆ ಅಡಿಗೆರೆ ಎಳೆಯಿರಿ.

ಪುಟದ ಹಿನ್ನೆಲೆಗೂ ವಿಭಾಗದ ಛಾಯೆ ಬೇಕೆನಿಸಿದರೆ ಬಿಳಿಗೆ ಆ ಬಣ್ಣವನ್ನು ಶೇ 8ರಷ್ಟು ಬೆರೆಸಿ. ಅಷ್ಟರಲ್ಲೇ ಕಡುಹಸಿರು ಕೊಂಡಿಯ ಅನುಪಾತ 5.1ರಿಂದ 4.6ಕ್ಕೆ ಇಳಿದಿರುತ್ತದೆ. ಶೇ 15 ಬೆರೆಸಿದರೆ 4.2, ಅಲ್ಲಿಗೆ ಮಿತಿ ತಪ್ಪಿತು. ಹಿನ್ನೆಲೆ ಬದಲಿಸಿದಾಗಲೆಲ್ಲ ಮತ್ತೆ ಅಳೆಯಬೇಕಾದದ್ದು ಇದಕ್ಕೇ.

ಪುಟದ ಅಂದ ಹೇಳುವ ಸಿಎಸ್‌ಎಸ್ ಬರೆಯುವಾಗ ಅದರ ವೇರಿಯಬಲ್‌ಗಳಿಗೆ (ಬಣ್ಣವನ್ನು ಒಂದು ಹೆಸರಿನಡಿ ಇಡುವ ಜಾಗ) ಬಣ್ಣದ ಹೆಸರಿಡಬೇಡಿ, ಕೆಲಸದ ಹೆಸರಿಡಿ: ಪಟ್ಟಿ, ಪಟ್ಟಿಯ ಅಕ್ಷರ, ಕೊಂಡಿ, ಹಿನ್ನೆಲೆ. ‘ಹಸಿರು’ ಎಂದು ಹೆಸರಿಟ್ಟ ವೇರಿಯಬಲ್‌ನೊಳಗೆ ಮುಂದೊಂದು ದಿನ ನೀಲಿ ಕೂತಿರುತ್ತದೆ. ಪುಟದಲ್ಲಿ ಕಾಣುವುದೆಲ್ಲವನ್ನೂ ಒಳಗೊಂಡ ಬಾಡಿ ಟ್ಯಾಗ್‌ಗೆ ವಿಭಾಗದ ಕ್ಲಾಸ್ (ಗುರುತಿನ ಹೆಸರು) ಕೊಟ್ಟು, ಆ ಕ್ಲಾಸ್‌ನಲ್ಲಿ ಈ ನಾಲ್ಕನ್ನು ಮಾತ್ರ ಬದಲಿಸಿ. ಉಳಿದ ನಿಯಮಗಳಲ್ಲಿ ಎಲ್ಲೂ ನೇರವಾಗಿ ಬಣ್ಣದ ಸಂಖ್ಯೆ ಇರಬಾರದು.

ಇಲ್ಲಿ ಒಂದು ಗುಪ್ತ ತೊಡಕಿದೆ, ಬಹಳ ಹೊತ್ತು ಹುಡುಕಿಸುತ್ತದೆ. ಪಟ್ಟಿಯ ಬಣ್ಣದಿಂದ ಲೆಕ್ಕ ಹಾಕಿ ಬರುವ ತಿಳಿಛಾಯೆಯನ್ನು ರೂಟ್‌ನಲ್ಲಿ (ಬಾಡಿಗಿಂತ ಮೇಲಿನ, ಪುಟದ ಬುಡದ ಮಟ್ಟ) ಬರೆದರೆ, ಅದು ರೂಟ್‌ನ ಬಣ್ಣದಿಂದಲೇ ಲೆಕ್ಕವಾಗಿ ಆ ಉತ್ತರವೇ ಕೆಳಗಿನವರೆಗೆ ಇಳಿಯುತ್ತದೆ. ಬಾಡಿಯಲ್ಲಿ ಪಟ್ಟಿ ಹಸಿರಾದರೂ ಛಾಯೆ ಕೆಮ್ಮಣ್ಣಾಗಿಯೇ ಉಳಿಯುತ್ತದೆ. ಮೂಲ ಬಣ್ಣ ಬದಲಾಗುವ ಬಾಡಿಯ ಮಟ್ಟದಲ್ಲೇ ಛಾಯೆಯ ಲೆಕ್ಕವನ್ನೂ ಬರೆದರೆ ಸರಿಹೋಗುತ್ತದೆ.

ಧಾರಣೆ ವಿಭಾಗಕ್ಕೆ ಇನ್ನಷ್ಟು ಎಚ್ಚರ ಬೇಕು. ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಅಡಿಕೆ ಬಗೆಗಳಲ್ಲಿ ಪ್ರತಿಯೊಂದರ ಮುಂದೆ ಏರಿಕೆಗೆ ಹಸಿರು, ಇಳಿಕೆಗೆ ಕೆಂಪು ಹಾಕುವುದು ರೂಢಿ. ಕೆಂಪು-ಹಸಿರು ವ್ಯತ್ಯಾಸ ಕಾಣದವರಿಗೆ ಎರಡೂ ಹೆಚ್ಚುಕಡಿಮೆ ಒಂದೇ ಕಂದು. ಈ ದೋಷ ಎಕ್ಸ್ ವರ್ಣತಂತುವಿನ ಮೂಲಕ ಬರುವುದರಿಂದ ಗಂಡಸರಲ್ಲೇ ಬಹಳ ಹೆಚ್ಚು. ಮಂಡಿಗೆ ಅಡಿಕೆ ತರುವವರಲ್ಲೂ ಅಂಥವರು ಇದ್ದೇ ಇರುತ್ತಾರೆ. ಬೆಲೆಯ ಪಕ್ಕ ▲ ▼ ಗುರುತು ಕಡ್ಡಾಯವಾಗಿ ಇರಲಿ, ಜೊತೆಗೆ ಎಷ್ಟು ರೂಪಾಯಿ ಎಂಬ ಅಂಕಿಯೂ. ಈ ವಿಭಾಗದ ಪಟ್ಟಿಯೇ ಕೆಂಪಾದ್ದರಿಂದ ‘ಇಳಿಕೆ’ಯ ಕೆಂಪು ಅದರೊಳಗೆ ಕಳೆದುಹೋಗುವ ಅಪಾಯವೂ ಇದೆ, ಬೆಲೆಗಳನ್ನು ಬಿಳಿ ಹಿನ್ನೆಲೆಯಲ್ಲೇ ಇಡಿ. ಫೋನನ್ನು ಕಪ್ಪು-ಬಿಳುಪಿಗೆ ತಿರುಗಿಸಿ ನೋಡಿದರೆ ತಪ್ಪು ತಕ್ಷಣ ಕಾಣುತ್ತದೆ.

ರಾತ್ರಿ ಬಣ್ಣಕ್ಕೆ (ಡಾರ್ಕ್ ಮೋಡ್) ಹಗಲಿನದ್ದನ್ನೇ ಒಯ್ಯಬೇಡಿ. ಅದೇ ಕೆಮ್ಮಣ್ಣು ಕಪ್ಪು ಹಿನ್ನೆಲೆ (18, 18, 18)ರ ಮೇಲೆ 2.3ಕ್ಕೆ ಬೀಳುತ್ತದೆ. ಕೊಂಡಿಗೆ ಅದನ್ನು (229, 140, 120)ಕ್ಕೆ ತಿಳಿಗೊಳಿಸಿದರೆ 7 ದಾಟುತ್ತದೆ. ನಾಲ್ಕು ವಿಭಾಗಕ್ಕೂ ಹೀಗೆ ರಾತ್ರಿಯದೇ ಒಂದು ಜೋಡಿ ಬೇಕು.

ಇಷ್ಟೆಲ್ಲ ಆದ ಮೇಲೂ ಫೋನಿನ ಬ್ರೌಸರ್‌ನ ವಿಳಾಸ ಪಟ್ಟಿ ಹಳೆಯ ಬಣ್ಣದಲ್ಲೇ ಉಳಿದಿದ್ದರೆ ಗಾಬರಿ ಬೇಡ. ಅದರ ಬಣ್ಣ ಹೇಳುವ ಥೀಮ್-ಕಲರ್ ಮೆಟಾ ಟ್ಯಾಗ್ ಸಿಎಸ್‌ಎಸ್ ವೇರಿಯಬಲ್‌ಗಳನ್ನು ಓದುವುದಿಲ್ಲ. ವಿಭಾಗ ಬದಲಾದಾಗ ಆ ಟ್ಯಾಗ್‌ನ ಬಣ್ಣವನ್ನು ಜಾವಾಸ್ಕ್ರಿಪ್ಟ್‌ನಿಂದ ಪ್ರತ್ಯೇಕವಾಗಿ ಬದಲಿಸಬೇಕು.