ಥಾನಿನ ಅಂಗಿಯೂ ಸೇಲಿನ ಅಂಗಿಯೂ

ನಾನು ಚಿಕ್ಕವನಿದ್ದಾಗ ಮನೆಗೆ ಹೊಸ ಬಟ್ಟೆ ಬರುತ್ತಿದ್ದುದು ವರ್ಷಕ್ಕೊಮ್ಮೆ, ದೀಪಾವಳಿಗೆ. ಅಪ್ಪ ದಾವಣಗೆರೆಯ ಚೌಕಿಪೇಟೆಯಲ್ಲಿ ಒಂದೇ ಥಾನಿನಿಂದ ಬಟ್ಟೆ ಹರಿಸಿ ತಂದು ದರ್ಜಿಗೆ ಕೊಟ್ಟರೆ, ಅಣ್ಣತಮ್ಮಂದಿರು ಮೂವರೂ ಬ್ಯಾಂಡ್‌ಸೆಟ್ಟಿನವರಂತೆ ಒಂದೇ ಬಣ್ಣದ ಅಂಗಿ ತೊಟ್ಟು ತಿರುಗುತ್ತಿದ್ದೆವು. ಅದು ನಮಗೆ ನಾಚಿಕೆಯ ವಿಷಯವೇ ಆಗಿತ್ತೆಂಬುದನ್ನೂ ಹೇಳಿಬಿಡುತ್ತೇನೆ.

ರಿಯಾಯಿತಿ ಮಾರಾಟ ನಮಗೆ ಹೊಸದಲ್ಲ. ಮದುವೆ-ಮುಂಜಿಗಳಿಲ್ಲದ ಆಷಾಢದಲ್ಲಿ ಉಳಿದ ಸರಕನ್ನು ಕಳೆಯಲು ಅಂಗಡಿಯವರು ಕಂಡುಕೊಂಡಿದ್ದ ದಾರಿ ಅದು. ಆದರೆ 2009ರಲ್ಲಿ ಚೀನಾದ ಅಲಿಬಾಬಾ ಕಂಪನಿ ನವೆಂಬರ್ 11ನ್ನು ಮಾರಾಟದ ಹಬ್ಬವಾಗಿಸಿದ ಮೇಲೆ, ನಮ್ಮಲ್ಲಿ 2014ರ ಅಕ್ಟೋಬರ್ 6ರಂದು ಫ್ಲಿಪ್‌ಕಾರ್ಟ್ ‘ಬಿಗ್ ಬಿಲಿಯನ್ ಡೇ’ ನಡೆಸಿದ ಮೇಲೆ, ಬೇಕು-ಬೇಡಗಳನ್ನು ಯೋಚಿಸುವಷ್ಟು ವ್ಯವಧಾನವನ್ನೂ ಕೊಡದೆ ಮೊಬೈಲಿನಲ್ಲಿ ಗಡಿಯಾರ ಹಿಂದಕ್ಕೆ ಓಡತೊಡಗಿತು.

ಹೋದ ವರ್ಷ ನಾನೇ ಒಂದು ಅಂಗಿಯನ್ನು ಮೂರು ಅಳತೆಗಳಲ್ಲಿ ತರಿಸಿ, ಎರಡನ್ನು ಹಿಂದಿರುಗಿಸಿದೆ. ಒಂದು ಹತ್ತಿ ಅಂಗಿಯ ಹಿಂದೆ ಸುಮಾರು 2,700 ಲೀಟರ್ ನೀರಿನ ಲೆಕ್ಕವಿದೆಯೆನ್ನುತ್ತಾರೆ. ಅಂಥ ಎರಡು ಅಂಗಿಗಳು ನನ್ನ ಸೋಮಾರಿತನದಿಂದಾಗಿ ಬೆಂಗಳೂರಿನ ಗೋದಾಮಿನಿಂದ ಸುಮಾರು 260 ಕಿಲೋಮೀಟರ್ ಬಂದು, ಯಾರ ಮೈಯನ್ನೂ ಮುಚ್ಚದೆ ಅಷ್ಟೇ ದೂರ ಹಿಂದಕ್ಕೆ ಹೋದವು. ಹಿಂದಿರುಗಿದ ಬಟ್ಟೆಯೆಲ್ಲ ಮತ್ತೆ ಮಾರಾಟವಾಗುವುದಿಲ್ಲವೆಂಬುದು ಆಮೇಲೆ ತಿಳಿಯಿತು. ಉಳಿದ ಪೊಟ್ಟಣಗಳಲ್ಲಿ ರಟ್ಟನ್ನು ಗುಜರಿಯವನು ತೂಗಿಕೊಂಡ. ತೆಳು ಪ್ಲಾಸ್ಟಿಕ್ ಕವರುಗಳನ್ನು ಮುಟ್ಟಲೂ ಇಲ್ಲ. ಮಳೆಗಾಲದಲ್ಲಿ ನಮ್ಮ ಬೀದಿಯ ಚರಂಡಿ ಕಟ್ಟಿಕೊಳ್ಳುವುದು ಇಂಥವುಗಳಿಂದಲೇ.

ಪಾರ್ಸೆಲ್ ತರುವ ಹುಡುಗನಿಗೆ ದಿನಗೂಲಿಯಿಲ್ಲ, ಪೊಟ್ಟಣಕ್ಕಿಷ್ಟೆಂದು ಲೆಕ್ಕ. ಬೈಕೂ ಪೆಟ್ರೋಲೂ ಅವನವೇ. ಸೇಲಿನ ವಾರದಲ್ಲಿ ಅವನ ಬೆನ್ನಿನ ಚೀಲ ತಲೆಗಿಂತ ಎತ್ತರವಿರುತ್ತದೆ. ಮಧ್ಯಾಹ್ನ ಮೂರು ಗಂಟೆಗೆ ನೀರು ಕೇಳಿದವನನ್ನು ಊಟವಾಯಿತೇ ಎಂದರೆ, ನಕ್ಕು ಮುಂದಿನ ಮನೆಗೆ ಹೊರಟ. ಇಂಥವರ ಸಾಮಾಜಿಕ ಭದ್ರತೆಗೆಂದು 2025ರಲ್ಲಿ ನಮ್ಮ ರಾಜ್ಯ ಕಾಯ್ದೆಯನ್ನೇನೋ ತಂದಿದೆ. ಅದು ಅವನ ಹೊಟ್ಟೆಯ ಹೊತ್ತಿಗೆ ತಲುಪಬೇಕಷ್ಟೆ.

ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರು ನಮ್ಮದು. ಉಳಿಸಿಕೊಂಡ ಮೂರನೆಯ ಅಂಗಿಯ ತೋಳು ಉದ್ದವಾಗಿದ್ದುದರಿಂದ ಹಳೆಯ ದರ್ಜಿಯ ಬಳಿಗೇ ಒಯ್ದೆ. ಈಗ ಅವರಿಗೆ ಬರುವುದು ಬರೀ ಆಲ್ಟರೇಷನ್ ಕೆಲಸವಂತೆ. ಅಂಗಿಯ ಒಳಮಗ್ಗುಲನ್ನು ತಿರುವಿ, ಹೊಲಿಗೆಯನ್ನು ಉಗುರಿನಿಂದ ಕೆದಕಿ, “ಇದನ್ನ ಬಿಚ್ಚಿದ್ರೆ ಮತ್ತೆ ಹೊಲಿಯಾಕೆ ಬಟ್ಟೇನೇ ಬಿಟ್ಟಿಲ್ಲಲ್ರೀ” ಎಂದರು.